ಗುರುವಾರದ ದೋಣಿಯ ಅಕ್ಕ

ಮೊದಲ ಸಲ ಕಂಡ ದಿನವೇ ಅವರು ನನ್ನ ಸೆರಗು ಸರಿಸಿ ನೋಡಿದರು.

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಹೆಂಗಸರ ಡಬ್ಬಿಯಲ್ಲಿ ಕೂತಿದ್ದೆ. ಬೆಂಗಳೂರಿನ ಆಸ್ಪತ್ರೆಗೆ ಹೊರಟಿದ್ದೆ. ನನ್ನ ಮಗ, ಅಂದರೆ ನಿಮ್ಮ ಅಪ್ಪ, ಪಕ್ಕದ ಡಬ್ಬಿಯಲ್ಲಿದ್ದ. ಎಡಗೈಯನ್ನು ಸೆರಗಿನೊಳಗೆ ಮಡಿಚಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ಹಳಿ ಪಕ್ಕದ ಜಾಲಿ ಗಿಡಗಳನ್ನು ನೋಡುತ್ತಿದ್ದೆ. ಎದುರಿಗೆ ಒಬ್ಬರು ಹೆಂಗಸು ಕೂತಿದ್ದರು. ಗಟ್ಟಿ ಮೈ, ಎಣ್ಣೆ ಹಾಕಿ ಬಿಗಿದ ಮೋಟು ಜಡೆ, ಕಾಲಲ್ಲಿ ಗಂಡಸರ ಚಪ್ಪಲಿ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬಗ್ಗಿ, ಸೆರಗು ಸರಿಸಿದರು.

"ಎಡಗಡೆನಾ?" ಅಂದರು.

ನನಗೆ ಅರ್ಥವಾಗಲಿಲ್ಲ.

"ಆಪರೇಶನ್ನು. ಎಡಗಡೆನಾ ಅಂದೆ. ನಂದು ಬಲಗಡೆ. ಒಂಬತ್ತು ವರ್ಷ ಆಯ್ತು."

ಯಾವ ಊರು ಅಂತ ಕೇಳುವ ಹಾಗೆ, ಡಬ್ಬಿಯವರಿಗೆಲ್ಲ ಕೇಳಿಸುವ ಹಾಗೆ ಕೇಳಿದರು. ನನಗೆ ಸೀಟಿನ ಕೆಳಗೆ ತೂರಿಕೊಳ್ಳಬೇಕು ಅನ್ನಿಸಿತು. ಅವರು ನನ್ನ ಊದಿದ ಕೈಯನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಜಾಗದಲ್ಲಿ ಗುಳಿ ಹಾಗೇ ನಿಂತಿತು.

"ಇದನ್ನ ಎಷ್ಟು ತಿಂಗಳಿಂದ ಹಿಂಗೆ ಮಡಿಲಲ್ಲಿ ಮಲಗಿಸ್ಕೊಂಡಿದ್ದೀಯ?"

"ಏಳು" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಏಳು ತಿಂಗಳ ಮಗು ಆಗಿದ್ರೆ ಇಷ್ಟೊತ್ತಿಗೆ ಎದ್ದು ಕೂತ್ಕೊಂತಿತ್ತು."

ಪಕ್ಕದ ಹೂವಿನವಳು ನಕ್ಕಳು. ನನಗೂ ನಗು ಬಂತು. ಕ್ಯಾನ್ಸರ್ ಅಂತ ಎದೆಯ ಆಪರೇಶನ್ ಆದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಮಕ್ಕಳೇ, ಇದನ್ನು ನಿಮ್ಮ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ. ಮೊನ್ನೆ ನಿಮ್ಮ ಅಪ್ಪ ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟುವುದನ್ನು ಕೇಳಿ ಚಿನ್ನಿ ನನ್ನ ಹತ್ತಿರ ಬಂದು, "ಅಜ್ಜೀ, ನಿಂಗೆ ತಿರುಗಾ ಬಂತಾ?" ಅಂತ ಕೇಳಿದಳು. ಅದಕ್ಕೇ ಈ ನೋಟ್‌ಬುಕ್ಕು ತೆಗೆದೆ. ಕಂಕುಳಲ್ಲಿ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿರುವುದು ನಿಜ. ಬುಧವಾರ ಆಸ್ಪತ್ರೆಗೆ ಹೋಗಬೇಕು. ಹಿಂದಿನ ನಾನಾಗಿದ್ದರೆ ಆ ಗಂಟನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದೆ. ಈಗ ಹಾಗಲ್ಲ. ಅದು ಯಾಕೆ ಅಂತ ಹೇಳಬೇಕಾದರೆ ಆ ಅಕ್ಕನ ವಿಷಯ ಹೇಳಬೇಕು. ಅವರ ಹೆಸರು ಬರೆಯುವುದಿಲ್ಲ. ಅವರ ದೋಣಿಗೆ ಅವರದೇ ಹೆಸರಿಡೋಣ ಅಂತ ಅದರಲ್ಲಿ ಹೋಗುತ್ತಿದ್ದ ನಾವು ಹೆಂಗಸರು ಒಮ್ಮೆ ಅಂದಾಗ, "ನನ್ನ ಹೆಸರು ರೇಷನ್ ಕಾರ್ಡಲ್ಲಿದೆ, ಸಾಕು" ಅಂದಿದ್ದರು.

ಅವರದು ಚಿನ್ನದ ಗಣಿ ಪಕ್ಕದ ಚಾಂಪಿಯನ್ ರೀಫ್ಸ್‌ನ ಲೈನ್ ಮನೆ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ, ಕಂಪನಿಯವರು ಗಣಿ ಕೆಲಸದವರಿಗೆ ಕಟ್ಟಿಸಿದ್ದ ಮನೆಗಳಲ್ಲಿ ಒಂದು. ಮನೆ ಮಾತು ತಮಿಳು. ನಮ್ಮ ಜೊತೆ ಕನ್ನಡ, ತೆಲುಗು ಎರಡನ್ನೂ ಕಲಸಿ ಆಡುತ್ತಿದ್ದರು. ಗಣಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಗೆ ದಿನಾ ರೈಲಲ್ಲಿ ಹೋಗಿ ಬರುತ್ತಿದ್ದರು. ಬೆಳಗಿನ ಜಾವ ಎದ್ದು ಹೊರಟರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಮದುವೆ ಆಗಲಿಲ್ಲ. ಯಾಕೆ ಅಂತ ನಮ್ಮ ಜೊತೆ ದೋಣಿಗೆ ಬರುತ್ತಿದ್ದ ರತ್ನಮ್ಮ ಒಮ್ಮೆ ಕೇಳಿಯೇ ಬಿಟ್ಟಳು. "ಪುರುಸೊತ್ತು ಸಿಗಲಿಲ್ಲ" ಅಂದರು.

ವಾರಕ್ಕೊಂದು ರಜೆ ಅವರಿಗೆ ಗುರುವಾರ. ಆ ದಿನ ಅವರು ಬೇತಮಂಗಲದ ಕೆರೆಗೆ ಹೋಗುತ್ತಿದ್ದರು. ಬಹಳ ವರ್ಷ ಒಣಗಿದ್ದ ಆ ಕೆರೆ ತುಂಬಿ ಕೋಡಿ ಹರಿದ ವರ್ಷ, ಒಂದು ಕೊಟ್ಟಿಗೆಯಲ್ಲಿ ಬೋರಲು ಬಿದ್ದಿದ್ದ ಕಂಪನಿ ಕಾಲದ ಮರದ ದೋಣಿಯನ್ನು ಕೇಳಿ ಪಡೆದರು. ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತಂತೆ. ಹಲಗೆ ಸಂದಿಗಳಿಗೆ ಹಳೇ ಹತ್ತಿ ಸೀರೆ ಹರಿದು, ಹೊಸೆದು, ತುರುಕಿ, ಮೇಲೆ ಟಾರು ಬಳಿದರು. ಆ ಕೆಲಸ ಅವರಿಗೆ ಅಪ್ಪನಿಂದ ಬಂದಿದ್ದು. ಅವರ ಅಪ್ಪ ಗಣಿಯೊಳಗೆ ಕೆಲಸ ಮಾಡುವಾಗ ಬಂಡೆ ಸಿಡಿದು ಕಾಲು ಮುರಿದುಕೊಂಡಿದ್ದರು. ಆಮೇಲೆ ಕಂಪನಿ ಅವರಿಗೆ ಕೆರೆಯ ಹತ್ತಿರ ಸಾಹೇಬರ ದೋಣಿಗಳನ್ನು ನೋಡಿಕೊಳ್ಳುವ ಹಗುರದ ಕೆಲಸ ಕೊಟ್ಟಿತ್ತು. ಮಗಳು ಬುತ್ತಿ ತೆಗೆದುಕೊಂಡು ಹೋಗಿ ಹುಟ್ಟು ಹಾಕುವುದು ಕಲಿತಿದ್ದರು. "ಅಪ್ಪ ದಿನಾ ದೋಣಿ ತೊಳೀತಿದ್ದ. ಅದರಲ್ಲಿ ಕೂತು ತಿರುಗಾಡಿದ್ದು ನಾನು ಕಾಣೆ" ಅನ್ನುತ್ತಿದ್ದರು.

ಈ ಆಪರೇಶನ್ ಆದವರಲ್ಲಿ ಕೆಲವರಿಗೆ ಆ ಕಡೆಯ ಕೈ ಊದುತ್ತದೆ. ತಮ್ಮ ಬಲಗೈ ಊದಿಕೊಂಡಾಗ ಅವರಿಗೆ ದೋಣಿಯ ಹುಟ್ಟಿನ ನೆನಪು ಬಂತಂತೆ. ಹುಟ್ಟು ಹಾಕಬಹುದಾ ಅಂತ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಅವರನ್ನು ಕೇಳಿದರು. ನಿಧಾನವಾಗಿ ಶುರು ಮಾಡಿ, ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಅಂದರು ಮೇಡಂ. ಅಷ್ಟು ಸಾಕಾಯಿತು. ರೈಲಲ್ಲಿ, ಆಸ್ಪತ್ರೆ ವರಾಂಡದಲ್ಲಿ, ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತ ಹೆಂಗಸರನ್ನೆಲ್ಲ ಹುಡುಕಿ ಹಿಡಿಯತೊಡಗಿದರು.

ನನ್ನನ್ನೂ ಹಿಡಿದರು. ಡಾಕ್ಟರು ಭಾರದ ಕೊಡ ಎತ್ತಬೇಡಿ ಅಂದಿದ್ದನ್ನು ನಾನು ಕೈಯನ್ನೇ ಎತ್ತಬೇಡಿ ಅಂದ ಹಾಗೆ ತಿಳಿದು ಏಳು ತಿಂಗಳು ಕೂತಿದ್ದೆ. ಹಾಲು ಕರೆಯುವುದನ್ನು ಬಿಟ್ಟೆ. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟೆ. ನಿಮ್ಮ ತಾತ ತೀರಿಕೊಂಡಾಗಲೂ ನಾನು ಅಷ್ಟು ಮೂಲೆ ಸೇರಿರಲಿಲ್ಲ.

"ಡಾಕ್ಟರ್ ಕೈಲಿ ಚೀಟಿ ಬರೆಸ್ಕೊಂಡು ಗುರುವಾರ ಬಾ" ಅಂದರು. "ಚೀಟಿ ಇಲ್ದೆ ನನ್ನ ದೋಣಿಗೆ ಯಾರೂ ಹತ್ತಂಗಿಲ್ಲ."

ಈಗ ನಿಮಗೊಂದು ತಪ್ಪೊಪ್ಪಿಗೆ. ಗುರುವಾರ ಬೆಳಿಗ್ಗೆ ನಾನು ಬಾಬಾ ಗುಡಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದ್ದು ಸುಳ್ಳು. ನೀವು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದ ಬೂಂದಿ ಪ್ರಸಾದ ಬೇತಮಂಗಲ ಬಸ್ ಸ್ಟ್ಯಾಂಡಿನ ಬೇಕರಿಯದು. ಅರವತ್ತರ ಹತ್ತಿರದ ವಿಧವೆ ದೋಣಿ ಹತ್ತುತ್ತೇನೆ ಅಂತ ಯಾವ ಬಾಯಲ್ಲಿ ಹೇಳಲಿ?

ನಾವು ಒಟ್ಟು ಆರು ಜನ, ಅಕ್ಕ ಸೇರಿ ಏಳು. ನಾಲ್ವರು ಹುಟ್ಟು ಹಾಕಬೇಕು, ಇಬ್ಬರು ಮುಂದಿನ ಹಲಗೆಯಲ್ಲಿ ದಣಿವಾರಿಸಿಕೊಳ್ಳಬೇಕು, ಅಕ್ಕ ಹಿಂದೆ ಕೂತು ದಾರಿ ನೋಡಬೇಕು. ಹುಟ್ಟು ಹಾಕುವವರು ಹೋಗುವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಬಿಟ್ಟು ಬಂದ ಕಟ್ಟೆ ಕಾಣುತ್ತದೆ, ಅಕ್ಕನ ಮುಖ ಕಾಣುತ್ತದೆ, ಹೋಗುವ ದಿಕ್ಕು ಕಾಣುವುದಿಲ್ಲ.

"ಮುಂದೆ ಏನಿದೆ ಗೊತ್ತಾಗಲ್ವಲ್ಲಕ್ಕ" ಅಂದೆ ಮೊದಲ ದಿನ.

"ನೋಡೋಕೆ ನಾನಿದ್ದೀನಿ. ನೀನು ಎಳಿ. ಕೈಯಿಂದಲ್ಲ, ಕಾಲಲ್ಲಿ ಒದ್ದು ಬೆನ್ನಿಂದ ಎಳಿ."

"ಬಗ್ಗು... ಎಳಿ... ಬಗ್ಗು... ಎಳಿ..." ಅಂತ ಅವರು ಕೂಗುತ್ತಿದ್ದರು. ಮೊದಲ ತಿಂಗಳು ನನಗೆ ಹುಟ್ಟು ಕೊಡಲೇ ಇಲ್ಲ, ಬಗ್ಗಿ ಏಳುವುದಷ್ಟೇ. ಆಮೇಲೆ ಹತ್ತು ಎಳೆತ, ಆಮೇಲೆ ಇಪ್ಪತ್ತು. ಯಾರಾದರೂ ಹಳೆಯದನ್ನು ನೆನೆದು ಅಳಲು ಶುರು ಮಾಡಿದರೆ ಅವರು ಸಮಾಧಾನ ಮಾಡುತ್ತಿರಲಿಲ್ಲ. "ಅಳೋದಿದ್ರೆ ಅಳು, ಹುಟ್ಟು ಬಿಡಬೇಡ" ಅನ್ನುತ್ತಿದ್ದರು. ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಕಡ್ಡಾಯ. ಊರಿಗಾಂನಿಂದ ಬರುತ್ತಿದ್ದ ಸೆಲ್ವಿ, ನಮ್ಮೆಲ್ಲರಿಗಿಂತ ಚಿಕ್ಕವಳು, ಅದನ್ನು ಕಟ್ಟಿಕೊಂಡು ತನ್ನ ಎದೆ ಮುಟ್ಟಿ ನೋಡಿ, "ಇದನ್ನ ಹಾಕ್ಕೊಂಡ್ರೆ ಎಲ್ಲಾರೂ ಒಂದೇ ಥರ. ಯಾರಿಗಿದೆ ಯಾರಿಗಿಲ್ಲ ಗೊತ್ತೇ ಆಗಲ್ಲ" ಅಂದಳು. ಅದಕ್ಕೆ ನಾವು ಎಷ್ಟು ನಕ್ಕೆವೆಂದರೆ ದೋಣಿ ಅಲುಗಾಡಿತು.

ಇನ್ನೊಂದು ಹೇಳಬೇಕು, ನಾಚಿಕೆಯಾದರೂ. ಅಕ್ಕ ದೊಡ್ಡ ಡಬ್ಬಿಯಲ್ಲಿ ಇಡ್ಲಿ ತರುತ್ತಿದ್ದರು. ಮೊದಲ ಮೂರು ವಾರ ನಾನು ಮುಟ್ಟಲಿಲ್ಲ. ಉಪವಾಸ ಅಂದೆ. ಯಾಕೆ ಮುಟ್ಟಲಿಲ್ಲ ಅಂತ ನೀವು ದೊಡ್ಡವರಾದ ಮೇಲೆ ನಿಮಗೇ ತಿಳಿಯುತ್ತದೆ. ಅವರಿಗೆ ಆಗಲೇ ತಿಳಿದಿತ್ತು. ಆದರೂ ಪ್ರತಿ ವಾರ ನನ್ನ ಪಾಲಿನ ಎರಡು ಇಡ್ಲಿ ಮುಚ್ಚಳದ ಮೇಲೆ ತೆಗೆದಿಡುತ್ತಿದ್ದರು. ನಾಲ್ಕನೇ ವಾರ ತುಂಬಾ ಹಸಿವಾಗಿತ್ತು. ತಿಂದೆ.

"ಉಪ್ಪು ಸರಿ ಇದೆಯಾ?" ಅಂದರು ಅಷ್ಟೇ.

ಕಟ್ಟೆಯ ಮೇಲಿನ ಹುಣಸೆ ಮರಕ್ಕೆ ಅವರು ಒಂದು ಹಲಗೆ ಹೊಡೆದು ಏಳು ಮೊಳೆ ಬಡಿದಿದ್ದರು. ಗಣಿಯಲ್ಲಿ ಕೆಳಗಿಳಿಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಿ, ಮೇಲೆ ಬಂದ ಮೇಲೆ ತಿರುಗಿ ಮೊಳೆಗೆ ಹಾಕಬೇಕಿತ್ತಂತೆ. ಖಾಲಿ ಮೊಳೆ ಅಂದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ಅರ್ಥ. ನಮಗೂ ಅದೇ ಕಟ್ಟಳೆ. ತಗಡಿನ ಬಿಲ್ಲೆ ತೆಗೆದುಕೊಂಡು ದೋಣಿ ಹತ್ತಬೇಕು, ಇಳಿದು ಹಾಕಬೇಕು. ನಮಗೆಲ್ಲ ಅದು ಮಕ್ಕಳಾಟದ ಹಾಗೆ ಕಾಣುತ್ತಿತ್ತು.

ಒಂದು ಗುರುವಾರ ದೋಣಿ ದಡಕ್ಕೆ ಬರುವಾಗ ಹೊತ್ತಾಗಿತ್ತು. ಬಸ್ಸು ತಪ್ಪಿದರೆ ಮನೆಯಲ್ಲಿ ಬಾಬಾ ಗುಡಿಯ ಕತೆ ನಿಲ್ಲುವುದಿಲ್ಲ ಅಂತ ನನಗೆ ಭಯ. ಹೋಗುತ್ತೇನೆ ಅಂತ ಹೇಳಲು ಸಂಕೋಚ, ಹೇಳಿದರೆ ಇಡ್ಲಿ ತಿಂದು ಹೋಗು ಅನ್ನುತ್ತಾರೆ. ಅಕ್ಕ ಮುಂದೆ ಹಗ್ಗ ಕಟ್ಟುತ್ತಿದ್ದರು, ಉಳಿದವರು ಜಾಕೆಟ್ಟು ಬಿಚ್ಚುತ್ತಿದ್ದರು. ನಾನು ಮೆಲ್ಲಗೆ ಇಳಿದು, ಜಾಕೆಟ್ಟು ಕಟ್ಟೆ ಮೇಲಿಟ್ಟು, ಓಡಿ, ಬೇಕರಿಯಲ್ಲಿ ಬೂಂದಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಬಿಲ್ಲೆ ನನ್ನ ಎಲೆಅಡಿಕೆ ಚೀಲದಲ್ಲೇ ಉಳಿಯಿತು.

ಆಮೇಲೆ ಆದದ್ದು ರತ್ನಮ್ಮ ಹೇಳಿದ್ದು. ಅವಳು ಕ್ಯಾಸಂಬಳ್ಳಿಯಲ್ಲಿ ತರಕಾರಿ ಬೆಳೆದು ಮಾರುವವಳು, ಬಾಯಿ ಜೋರು. ಒಂದು ಮೊಳೆ ಖಾಲಿ ಇರುವುದನ್ನು ಅಕ್ಕ ನೋಡಿದರಂತೆ.

"ಬಸ್ಸಿಗೆ ಓಗಿರ್ತಾಳೆ ಕಣಕ್ಕ, ನಾಚ್ಕೆ ಬುರುಕಿ ಅದು" ಅಂದಳಂತೆ ರತ್ನಮ್ಮ.

"ನೀನು ಕಣ್ಣಾರೆ ನೋಡಿದ್ಯಾ?"

"ಇಲ್ಲ."

"ಬೇರೆ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಅಕ್ಕ ಎಲ್ಲರನ್ನೂ ತಿರುಗಿ ದೋಣಿ ಹತ್ತಿಸಿದರು. ಎರಡು ಗಂಟೆ ಹೊತ್ತು, ಜೊಂಡು ಬೆಳೆದ ದಡದುದ್ದಕ್ಕೂ, ನನ್ನ ಹೆಸರು ಕೂಗುತ್ತಾ ಹುಡುಕಿದರು. ನನ್ನ ಮೊಬೈಲಿಗೆ ಫೋನು ಮಾಡಿದರು. ಅದು ಮನೆಯಲ್ಲಿತ್ತು. ನಿಮ್ಮ ಅಪ್ಪ ಎತ್ತಿ, "ಅಮ್ಮ ಗುಡಿಗೆ ಹೋಗವ್ರೆ, ಇನ್ನೂ ಬಂದಿಲ್ಲ" ಅಂದ.

"ಯಾವ ಗುಡಿ? ಬೆಳಿಗ್ಗೆಯಿಂದ ನನ್ನ ದೋಣಿಲಿದ್ಲು" ಅಂದರು ಅಕ್ಕ.

ನಾನು ಬೂಂದಿ ಪೊಟ್ಟಣ ಹಿಡಿದು ಮನೆ ಬಾಗಿಲಿಗೆ ಬಂದಾಗ ನಿಮ್ಮ ಅಪ್ಪ ಮುಖ ಬಿಳಿಚಿಕೊಂಡು ಮೋಟಾರ್ ಸೈಕಲ್ ತೆಗೆಯುತ್ತಿದ್ದ. ನಾನು ಬಂದೆ ಅಂತ ಆಗಲೇ ಅಕ್ಕನಿಗೆ ಫೋನು ಮಾಡಿದ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಮೊದಲ ಬಸ್ಸಿಗೆ ಅಕ್ಕ ನಮ್ಮೂರಿಗೆ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಜಗಲಿಯ ಮೇಲೆ ಕೂತು ಕೈ ಚಾಚಿ ಬಿಲ್ಲೆ ಇಸಿದುಕೊಂಡರು.

"ಗಣಿಯೊಳಗೆ ಬಂಡೆ ಸಿಡಿದಾಗ ಅಪ್ಪನ ಮೊಳೆ ಮೂರು ದಿನ ಖಾಲಿ ಇತ್ತು" ಅಂದರು. "ಅಮ್ಮ ಆ ಹಲಗೆ ಮುಂದೆ ಮೂರು ದಿನವೂ ನಿಂತಿದ್ಲು. ಕೂರು ಅಂದ್ರೆ ಕೂರಲಿಲ್ಲ. ನಾನು ಅವಳ ಸೀರೆ ಹಿಡ್ಕೊಂಡು ನಿಂತಿದ್ದೆ. ಖಾಲಿ ಮೊಳೆ ನೋಡಿದ್ರೆ ನಾನೂ ಇವತ್ತಿಗೂ ಕೂರಲ್ಲ. ಹೋಗೋದಿದ್ರೆ ಹೇಳಿ ಹೋಗು ತಂಗಚ್ಚಿ. ಒಂದು ಮಾತು ಹೇಳೋಕೆ ಏನು ನಾಚಿಕೆ?"

ತಂಗಿಯನ್ನು ತಮಿಳಿನಲ್ಲಿ ಹಾಗೆ ಕರೆಯುತ್ತಾರೆ. ಅವತ್ತಿನಿಂದ ಅವರು ನನ್ನನ್ನು ಹಾಗೇ ಕರೆದರು.

ನಿಮ್ಮ ಅಪ್ಪ ಸಿಟ್ಟಿನಲ್ಲೇ ಇದ್ದ. "ಈ ವಯಸ್ಸಲ್ಲಿ ದೋಣಿ ಯಾಕಮ್ಮ ಬೇಕು ಇವ್ರಿಗೆ?" ಅಂತ ಅಕ್ಕನನ್ನೇ ಕೇಳಿದ. ಅವರು ನನ್ನ ಕಡೆ ತಿರುಗಿ, "ಎರಡೂ ಕೈ ಎತ್ತು" ಅಂದರು. ಎತ್ತಿದೆ. ಎಡಗೈ ಬಲಗೈಯಷ್ಟೇ ಮೇಲೆ ಹೋಯಿತು. ಊತ ಪೂರ್ತಿ ಹೋಗಿರಲಿಲ್ಲ, ಆದರೆ ಬಳೆ ಹಿಡಿಸುವಷ್ಟು ಇಳಿದಿತ್ತು. ಅವನು ನನ್ನ ಕೈಯನ್ನೇ ನೋಡುತ್ತಾ ನಿಂತ. ಆಮೇಲೆ ಒಳಗೆ ಹೋಗಿ ಅಕ್ಕನಿಗೆ ಕಾಫಿ ತಂದ. ಮುಂದಿನ ಗುರುವಾರದಿಂದ ಅವನೇ ನನ್ನನ್ನು ಬಸ್ ಸ್ಟಾಪಿಗೆ ಬಿಡತೊಡಗಿದ. ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ನಾನು ಹಸುವನ್ನು ಎರಡೂ ಕೈಯಿಂದ ಕರೆಯುತ್ತಿದ್ದೆ.

ಅಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾವು ಒಂದು ತಪ್ಪು ಮಾಡಿದೆವು.

ಆಯುಧಪೂಜೆಗೆ ಟ್ರ್ಯಾಕ್ಟರಿಗೆ, ಸೈಕಲ್ಲಿಗೆ ಎಲ್ಲ ಪೂಜೆ ಮಾಡುತ್ತೇವಲ್ಲ, ಹಾಗೇ ರತ್ನಮ್ಮ ದೋಣಿಗೂ ಕುಂಕುಮ ಇಟ್ಟು ನಿಂಬೆಹಣ್ಣು ಕಟ್ಟಿದಳು. ಹಬ್ಬ ಅಂತ ಅಕ್ಕ ಬಿಟ್ಟರು. ಮುಂದಿನ ಗುರುವಾರವೂ ಕುಂಕುಮ ಬಂತು. ಆಮೇಲೆ ಹೂವು, ಕರ್ಪೂರ. ಈ ದೋಣಿ ಹತ್ತಿದವರಿಗೆ ಕಾಯಿಲೆ ತಿರುಗಿ ಬರುವುದಿಲ್ಲ ಅನ್ನುವ ಮಾತು ಹೇಗೆ ಹುಟ್ಟಿತೋ ಗೊತ್ತಿಲ್ಲ. ಅಷ್ಟು ವರ್ಷದಲ್ಲಿ ನಮ್ಮ ಏಳು ಜನರಲ್ಲಿ ಯಾರಿಗೂ ಬಂದಿರಲಿಲ್ಲ, ಅದೇ ಸಾಕಾಯಿತು. "ಇದು ಹಲಗೆ ಕಣ್ರಮ್ಮ" ಅಂತ ಅಕ್ಕ ಬೈಯುತ್ತಿದ್ದರು. "ದೋಣಿ ಇರೋದು ಕೈಗೆ. ಕಾಯಿಲೆಗೆ ಡಾಕ್ಟರು." ನಾವು ಹೂಂ ಅನ್ನುತ್ತಿದ್ದೆವು. ಅವರು ಆ ಕಡೆ ತಿರುಗಿದ ಮೇಲೆ ದೋಣಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು.

ನನಗೆ ಐದು ವರ್ಷ ದಿನಾ ಒಂದು ಮಾತ್ರೆ ನುಂಗಬೇಕು ಅಂತ ಬರೆದಿದ್ದರು. ನುಂಗಿದರೆ ಮೈಯೆಲ್ಲ ಉರಿ, ಕಾಲು ಸೆಳೆತ. ಮೂರನೇ ವರ್ಷ ನಾನು ಅದನ್ನು ನಿಲ್ಲಿಸಿದೆ. ದೋಣಿ ಇರುವಾಗ ಮಾತ್ರೆ ಯಾಕೆ ಅನ್ನಿಸಿತು. ಆರು ತಿಂಗಳ ತಪಾಸಣೆಗೂ ಹೋಗಲಿಲ್ಲ. ಮನೆಯಲ್ಲಿ ಹೇಳಲಿಲ್ಲ, ಅಕ್ಕನಿಗಂತೂ ಹೇಳಲೇ ಇಲ್ಲ.

ಆ ಚಳಿಗಾಲದಲ್ಲಿ ಅಕ್ಕನಿಗೆ ಕೆಮ್ಮು ಶುರುವಾಯಿತು. ಚಾಂಪಿಯನ್ ರೀಫ್ಸ್‌ನಲ್ಲಿ ಗಾಳಿ ಎದ್ದರೆ ಸೈನೈಡ್ ಗುಡ್ಡದ ಧೂಳು ಮನೆಯೊಳಗೆ ಬರುತ್ತದೆ. ಚಿನ್ನ ತೆಗೆದು ಉಳಿದ ಮಣ್ಣನ್ನು ರಾಶಿ ಹಾಕಿದ ಗುಡ್ಡ ಅದು. ಅಲ್ಲಿ ಎಲ್ಲರೂ ಕೆಮ್ಮುತ್ತಾರೆ. ಅದೇ ಇರಬೇಕು ಅಂದುಕೊಂಡೆವು. ಎರಡು ಗುರುವಾರ ಅವರು ಬರಲಿಲ್ಲ. ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಮೂರನೇ ಗುರುವಾರ ಬಂದರು, ಎಂದಿನಂತೆ ಹಿಂದಿನ ಹಲಗೆಯಲ್ಲಿ ಕೂತರು, "ಬಗ್ಗು... ಎಳಿ..." ಅಂದರು. ಕೆರೆಯ ನಡುಮಧ್ಯಕ್ಕೆ ಬಂದಾಗ, "ನಿಲ್ಸಿ" ಅಂದರು.

ಹುಟ್ಟುಗಳನ್ನು ಮೇಲೆತ್ತಿ ಮಡಿಲ ಮೇಲಿಟ್ಟುಕೊಂಡೆವು. ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಾರೂ ನನ್ನ ಮುಖ ನೋಡಿ. ಇಲ್ಲಿಂದ ಯಾರೂ ಎದ್ದು ಹೋಗೋಕಾಗಲ್ಲ, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ. ನಂಗೆ ತಿರುಗಿ ಬಂದಿದೆ. ಲಂಗ್ಸಲ್ಲಿ."

"ಸುಮ್ಕಿರಕ್ಕ" ಅಂದಳು ರತ್ನಮ್ಮ. "ಗುಡ್ಡದ ಧೂಳು ಕಣಕ್ಕ ಅದು."

"ಧೂಳಾದ್ರೆ ಆರು ಜನನ್ನ ನೀರ ಮಧ್ಯೆ ಕೂರಿಸ್ಕೊಂಡು ಯಾಕಮ್ಮ ಹೇಳ್ತೀನಿ?"

ಸೆಲ್ವಿ ಅಳುತ್ತಾ, "ದೋಣಿ ಹತ್ತಿದೋರಿಗೆ ಬರಲ್ಲ ಅಂತ..." ಅಂದಳು.

"ಅಂತ ಯಾರು ಹೇಳಿದ್ದು? ನಾನು ಹೇಳಿದ್ನಾ? ದೋಣಿ ಬಾಯಿ ಬಿಟ್ಟು ಹೇಳ್ತಾ?" ಕೆಮ್ಮು ಬಂತು, ನಿಲ್ಲುವವರೆಗೆ ಕಾದರು. "ಎರಡು ವಾರ ಮನೇಲಿ ಕೂತು ಯೋಚನೆ ಮಾಡಿದೆ. ಹೇಳಿದ್ರೆ ನೀವು ಹೆದರಿ ಬರೋದು ಬಿಡ್ತೀರ. ದೋಣಿ ತಿರುಗಾ ಕೋಳಿಗೆ ಹೋಗುತ್ತೆ. ಹೇಳದೇ ಇದ್ರೆ ನೀವು ಇದನ್ನೇ ನಂಬ್ಕೊಂಡು ಕೂರ್ತೀರ. ದೋಣಿ ಹೋದ್ರೆ ಹೋಗಲಿ. ಈಗ ನಿಜ ಹೇಳಿ, ಯಾರ್ಯಾರು ಮಾತ್ರೆ ಬಿಟ್ಟಿದ್ದೀರ? ತಪಾಸಣೆಗೆ ಯಾರು ಹೋಗಿಲ್ಲ?"

ಶಾಲೆಯಲ್ಲಿ ಉತ್ತರ ಗೊತ್ತಿದ್ದಾಗಲೂ ನಾನು ಎಂದೂ ಕೈ ಎತ್ತಿದವಳಲ್ಲ. ಅವತ್ತು ಎತ್ತಿದೆ. ಎತ್ತಿದ್ದು ಎಡಗೈ. ಅವರೇ ನನಗೆ ವಾಪಸು ಕೊಟ್ಟ ಕೈ.

ನನ್ನ ನಂತರ ರತ್ನಮ್ಮ ಎತ್ತಿದಳು. ಅವಳ ಹಿಂದೆ ಸೆಲ್ವಿ.

ಅಕ್ಕ ಮೂರು ಕೈಗಳನ್ನೂ ನೋಡಿದರು. ಬಗ್ಗಿ ಬೊಗಸೆಯಲ್ಲಿ ಕೆರೆ ನೀರು ತೆಗೆದು ಅಂಚಿನ ಹಲಗೆಯ ಮೇಲಿದ್ದ ಕುಂಕುಮ ತೊಳೆದರು, ಸೆರಗಿನಿಂದ ಒರೆಸಿದರು. ಒಂದಿಷ್ಟೂ ಕೆಂಪು ಉಳಿಯದ ಹಾಗೆ ಉಜ್ಜಿದರು.

"ನಂಗೆ ಯಾಕೆ ಬಂತು ಅಂದ್ರೆ ಯಾರಿಗೂ ಗೊತ್ತಿಲ್ಲ. ಮಾತ್ರೆ ನಾನು ಒಂದಿನಾನೂ ಬಿಟ್ಟಿಲ್ಲ, ಆದ್ರೂ ಬಂತು. ಬೇಗ ಗೊತ್ತಾಯ್ತು ಅಂತ ಇನ್ನಷ್ಟು ದಿನ ಸಿಕ್ಕಿದೆ ಅಂದ್ರು ಡಾಕ್ಟರು. ಆ ದಿನಗಳು ಬೇಕಾ ಬೇಡ್ವಾ ನೀವೇ ನೋಡ್ಕೊಳ್ಳಿ. ಈಗ ಹುಟ್ಟು ಹಾಕಿ, ಬಿಸಿಲೇರ್ತಿದೆ."

ಮುಂದಿನ ಬುಧವಾರ ಅವರೇ ನನ್ನನ್ನು ರೈಲು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರಿಗೆ ಅಲ್ಲೇ ಕೀಮೋ. ಡಾಕ್ಟರು ನನಗೆ ಬೈದರು, ಮಾತ್ರೆ ಮತ್ತೆ ಶುರು ಮಾಡಿದರು. ಪರೀಕ್ಷೆಯಲ್ಲಿ ಆ ಸಲ ಏನೂ ಸಿಗಲಿಲ್ಲ. ಅಕ್ಕನಿಗೆ ಹೇಳಲಾ ಬೇಡವಾ ಅಂತ ನಿಂತಿದ್ದೆ, ಅವರ ಕೈಗೆ ಸೂಜಿ ಚುಚ್ಚಿತ್ತು. "ಚೆನ್ನಾಗಿದೆ ಅಂದ್ರಾ? ಅದನ್ನ ಯಾಕೆ ಅಳು ಮುಖದಲ್ಲಿ ಹೇಳ್ತೀಯ?" ಅಂದರು.

ಅದರ ಮರುದಿನ ಗುರುವಾರ. ಎಷ್ಟು ಜನ ಬರುತ್ತಾರೋ ಅನ್ನುವ ಭಯದಲ್ಲೇ ಕಟ್ಟೆ ಹತ್ತಿದೆ. ಆರು ಜನರಲ್ಲಿ ನಾಲ್ವರು ಬಂದಿದ್ದೆವು. ರತ್ನಮ್ಮ, ಸೆಲ್ವಿ ಇರಲಿಲ್ಲ. ಅಕ್ಕ ಅಲ್ಲೇ ಕೂತಿದ್ದರು, ಹಿಂದಿನ ದಿನದ ಔಷಧಿಯಿಂದ ಮುಖ ಬೂದಿ ಬಣ್ಣವಾಗಿತ್ತು. ನನ್ನನ್ನು ಹಿಂದಿನ ಹಲಗೆಗೆ ಕಳಿಸಿ, ನನ್ನ ಜಾಗದಲ್ಲಿ ತಾವು ಕೂತು ಹುಟ್ಟು ಹಿಡಿದರು.

"ನಂಗೆ ಬರಲ್ಲಕ್ಕ, ಕೂಗೋಕೆ" ಅಂದೆ.

"ನಂಗೂ ಇವತ್ತು ಬರಲ್ಲ. ಉಸಿರಿಲ್ಲ. ನೀನು ಕೂಗು."

ನಾನು ದೋಣಿಯನ್ನು ನೇರವಾಗಿ ಜೊಂಡಿಗೆ ನುಗ್ಗಿಸಿದೆ. ಅವರು ಕೆಮ್ಮುತ್ತಾ ನಕ್ಕರು, ನಗುತ್ತಾ ಕೆಮ್ಮಿದರು. ಒಂದು ತಿಂಗಳ ಮೇಲೆ ರತ್ನಮ್ಮ ತಪಾಸಣೆ ಮುಗಿಸಿಕೊಂಡು ಬಂದಳು. ಸೆಲ್ವಿ ಬರಲಿಲ್ಲ. ಅಕ್ಕ ಅವಳ ಮನೆಗೆ ಎರಡು ಸಲ ಹೋದರು, ಮಾತ್ರೆ ನುಂಗುತ್ತಿದ್ದಾಳೆ ಅಂತ ತಿಳಿದು ಸುಮ್ಮನಾದರು. "ನುಂಗಿದ್ರೆ ಸಾಕು. ದೋಣಿ ಏನು, ಇವತ್ತಲ್ಲ ನಾಳೆ" ಅಂದರು.

ಅದಾದ ಮೇಲೆ ಅವರು ಒಂದು ವರ್ಷ ಎರಡು ತಿಂಗಳು ಇದ್ದರು. ಕೊನೆಯ ಕೆಲವು ವಾರ ಬಿಟ್ಟರೆ ಉಳಿದ ಗುರುವಾರಗಳಲ್ಲಿ ಕೆರೆಗೆ ಬಂದರು. ಮೊದಮೊದಲು ಹುಟ್ಟು ಹಾಕಲು, ಆಮೇಲೆ ಮುಂದಿನ ಹಲಗೆಯಲ್ಲಿ ಕೂರಲು, ಆಮೇಲೆ ಕಟ್ಟೆಯ ಮೇಲೆ ಕೂತು ನಮ್ಮನ್ನು ಬೈಯಲು. ಯುಗಾದಿಗೆ ಮುಂಚೆ ತೀರಿಕೊಂಡರು. ಆ ಲೈನಿನಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಕಂಡಿರಲಿಲ್ಲ. ರೈಲಿನ ಹೆಂಗಸರ ಡಬ್ಬಿಯೇ ಎದ್ದು ಬಂದಂತಿತ್ತು.

ಈಗ ಗಂಟಿನ ವಿಷಯ. ಸೋಮವಾರ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ತಲೆ ಒರೆಸಿಕೊಳ್ಳುವ ಮೊದಲೇ ಹೊರಗೆ ಬಂದು ನಿಮ್ಮ ಅಪ್ಪನಿಗೆ ಹೇಳಿದೆ. ಅವನು ಆಸ್ಪತ್ರೆಗೆ ಫೋನು ಮಾಡಿದ, ಮುಂದಿನ ಬುಧವಾರಕ್ಕೆ ಬರಹೇಳಿದರು. ಚಿನ್ನಿ, ನೀನು ಕೇಳಿದ್ದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಗೊತ್ತಾದ ದಿನವೇ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತೇನೆ, ಪಿಸುಗುಟ್ಟುವುದಿಲ್ಲ. ಚಿಕಿತ್ಸೆ ಅಂದರೆ ಚಿಕಿತ್ಸೆ. ತಲೆಕೂದಲು ಹೋದರೆ ನೀವು ನಗಬಹುದು.

ನಿನ್ನೆ ಗುರುವಾರ ಕೆರೆಗೆ ಹೋಗಿದ್ದೆ. ಈಗ ಹಿಂದಿನ ಹಲಗೆ ನನ್ನದೇ. ಈ ವರ್ಷ ಹೊಸದಾಗಿ ಇಬ್ಬರು ಸೇರಿದ್ದಾರೆ, ಒಬ್ಬಳು ಇನ್ನೂ ಬಗ್ಗಿ ಏಳುವುದನ್ನೇ ಕಲಿಯುತ್ತಿದ್ದಾಳೆ. ಅವರ ಮುಂದೆ ಹೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ನಡುನೀರಿಗೆ ಬಂದ ಮೇಲೆ "ನಿಲ್ಸಿ" ಅಂದೆ. ಯಾರಿಗೂ ಕೇಳಿಸಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಅಂದೆ. ಹೇಳಿದೆ.

ಹೊಸಬರಲ್ಲಿ ಆಗಲೇ ಹುಟ್ಟು ಸಿಕ್ಕಿದ್ದವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ನೀರುಕಾಗೆಯೊಂದು ಮುಳುಗಿ ದೂರದಲ್ಲಿ ಎದ್ದಿತು.

"ಬುಧವಾರ ಯಾವ ರೈಲು?" ಅಂದಳು ರತ್ನಮ್ಮ.

"ಬೆಳಗಿಂದು."

"ಟೊಮೇಟೊ ಮಂಡಿಗೆ ಆಕ್ಬುಟ್ಟು ಸೀದಾ ಬಂಗಾರಪೇಟೆಗೆ ಬತ್ತೀನಿ. ನಂಗೊಂದು ಜಾಗ ಇಡ್ಕೊಂಡಿರು."

"ನಂಗೂ ಒಂದು" ಅಂದಳು ಹೊಸಬಳು, ನನ್ನ ಮುಖ ನೋಡದೆ. "ನಂದೂ ತಪಾಸಣೆ ಬಾಕಿ ಐತೆ ಕಣಕ್ಕ. ನಾಲ್ಕು ತಿಂಗಳಾಯ್ತು."

ನನ್ನ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದೆ. ಎದುರು ದಡಕ್ಕೆ ಇನ್ನೂ ಅರ್ಧ ಕೆರೆ ಇತ್ತು, ಗಾಳಿಯೂ ಎದ್ದಿತ್ತು. ಅವರಿಗೆ ಅದು ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

"ಬಗ್ಗು" ಅಂದೆ. ನಾಲ್ಕು ಬೆನ್ನುಗಳೂ ಒಟ್ಟಿಗೆ ಬಗ್ಗಿದವು.

"ಎಳಿ" ಅಂದೆ.